ಮನೆ ಮುಂದಿನ ನುಗ್ಗೆ ಮರಕ್ಕೆ ಜೇನು ಹಿಂಡು ಬಂದು ಕೂತಿದೆ. ಇವು ಮುಂದೆ ಎಲ್ಲಿಗೆ ಹೋಗುತ್ತವೆ, ಯಾರು ತೀರ್ಮಾನ ಮಾಡುತ್ತಾರೆ?

ಎಂಸಿಸಿ_ಬ್ಲಾಕ್_ಮಂಜು
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಎಂಸಿಸಿ ಬಿ ಬ್ಲಾಕ್‌ನಲ್ಲಿ ನಮ್ಮ ಮನೆ. ನಿನ್ನೆ ಊಟದ ಹೊತ್ತಿಗೆ ಗುಯ್ ಅಂತ ಜೋರು ಸದ್ದು. ಹೊರಗೆ ಬಂದು ನೋಡಿದರೆ ಗೇಟಿನ ಪಕ್ಕದ ನುಗ್ಗೆ ಕೊಂಬೆಗೆ ಜೇನು ಹಿಂಡು ಜೋತುಬಿದ್ದಿದೆ. ಉದ್ದ ಒಂದು ಗೇಣು ಇರಬಹುದು. ಮೇಣದ ಎರಿ ಕಟ್ಟಿಲ್ಲ. ಬರೀ ಹುಳಗಳೇ ಒಂದನ್ನೊಂದು ಹಿಡಿದುಕೊಂಡು ನೇತಾಡುತ್ತಿವೆ.

ಪಕ್ಕದ ಮನೆಯವರು ಔಷಧಿ ಹೊಡೆಸೋಣ ಅಂತ ಒಂದೇ ಸಮನೆ ಹೇಳುತ್ತಿದ್ದಾರೆ. ಸ್ವಲ್ಪ ತಡೀರಿ ಅಂದಿದ್ದೇನೆ.

ಬೆಳಿಗ್ಗೆ ಕಾಫಿ ಹಿಡಿದು ನೋಡುತ್ತಾ ನಿಂತಿದ್ದೆ. ಹಿಂಡಿನ ಮೇಲೆಯೇ ನಾಲ್ಕಾರು ಹುಳ ಹಿಂಭಾಗ ಅಲ್ಲಾಡಿಸುತ್ತಾ ನೇರ ಓಡುತ್ತವೆ, ಸುತ್ತಿ ಬಂದು ಮತ್ತೆ ಅದನ್ನೇ ಮಾಡುತ್ತವೆ. ಅತ್ತ ಪಕ್ಕದ ಮನೆಯ ಹಳೇ ಮೀಟರ್ ಬಾಕ್ಸಿನ ತೂತಿನಲ್ಲಿ ಕೆಲವು ಹುಳ ಒಳಗೆ ಹೋಗುವುದು, ಬರುವುದು ನಡೆದಿದೆ. ಮನೆ ಹುಡುಕುತ್ತಿವೆಯಾ? ಅಟ್ಟದ ಮೇಲೆ ಖಾಲಿ ಜೇನು ಪೆಟ್ಟಿಗೆ ಇದೆ. ಇಟ್ಟರೆ ಬರುತ್ತವಾ?

ಕೋಟೆನಾಡು_ಹುಡುಗ
ಮೊದಲು ಯಾವ ಜೇನು ಅಂತ ಹೇಳಿ ಅಣ್ಣಾ. ಹೆಜ್ಜೇನಾದರೆ ಕಾಫಿ ಹಿಡಿದು ನಿಲ್ಲುವ ಕೆಲಸ ಬೇಡ.

ಎಂಸಿಸಿ_ಬ್ಲಾಕ್_ಮಂಜು
ಹೆಜ್ಜೇನಲ್ಲ ಅನ್ನಿಸುತ್ತದೆ. ಹುಳ ಸಣ್ಣದು, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹೊಟ್ಟೆ ಮೇಲೆ ಪಟ್ಟೆ ಇದೆ.

ಹೊಳಲ್ಕೆರೆ_ತೋಟ
ತುಡುವೆ, ಅಂದರೆ ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವ ಜೇನು. ನಿಮ್ಮ ಸುತ್ತಮುತ್ತ ಎಲ್ಲೋ ಇದ್ದ ಕುಟುಂಬ ಪಾಲಾಗಿದೆ. ಸಂಕ್ರಾಂತಿ ಕಳೆದು ಹೂವು ಜಾಸ್ತಿಯಾಗಿ ಒಳಗೆ ಜಾಗ ಸಾಲದೆ ಹೋದರೆ ಹಳೇ ರಾಣಿ ಅರ್ಧಕ್ಕಿಂತ ಹೆಚ್ಚು ಹುಳಗಳ ಜೊತೆ ಹೊರಗೆ ಬರುತ್ತದೆ. ಹಳೇ ಗೂಡು ಮಗಳು ರಾಣಿಗೆ.

ಹೊರಡುವ ಮುಂಚೆ ಹೊಟ್ಟೆ ತುಂಬ ಜೇನು ಕುಡಿದುಕೊಂಡು ಬಂದಿರುತ್ತವೆ. ಕಾಯಲು ಮರಿಯಿಲ್ಲ, ಎರಿಯಿಲ್ಲ. ಹಾಗಾಗಿ ಈ ಹೊತ್ತಿನಲ್ಲಿ ಸುಮ್ನೆ ಬಿಟ್ಟರೆ ಕಚ್ಚುವುದು ತೀರಾ ಕಡಿಮೆ. ಕಲ್ಲು ಹೊಡೆಯುವುದು, ಹೊಗೆ ಹಾಕುವುದು, ಪೈಪಿನಲ್ಲಿ ನೀರು ಬಿಡುವುದು ಬೇಡ. ಮಕ್ಕಳನ್ನು ದೂರ ಇಡಿ. ಕೆಲವು ಗಂಟೆಯಿಂದ ಎರಡು ಮೂರು ದಿನದೊಳಗೆ ತಾವೇ ಹೋಗುತ್ತವೆ.

ಪಿಜೆ_ಬಡಾವಣೆ_ರಾಯರು
ಇದೆಲ್ಲ ಓದಲು ಚೆನ್ನಾಗಿದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಗೊತ್ತಾಗುತ್ತದೆ. ಔಷಧಿ ಹೊಡೆಸಿದರೆ ಹತ್ತು ನಿಮಿಷದ ಕೆಲಸ. ಪಕ್ಕದ ಮನೆಯವರು ಹೇಳುವುದರಲ್ಲಿ ತಪ್ಪೇನಿದೆ?

ಟೀಚರಮ್ಮ_ಹರಿಹರ
ರಾಯರೇ, ಹತ್ತು ನಿಮಿಷದ ಕೆಲಸದಲ್ಲಿ ಸಾವಿರಾರು ಹುಳ ಸಾಯುತ್ತವೆ. ಸಾಯದೆ ಉಳಿದವು ಬೀದಿ ತುಂಬ ಚೆದುರುತ್ತವೆ. ವಯಸ್ಸಾದವರಿಗೆ ಆಗ ಜಾಸ್ತಿ ತೊಂದರೆ.

ಬೆಣ್ಣೆದೋಸೆ_ಭಕ್ತ
ರಾಣಿ ಎಲ್ಲಿಗೆ ಹೋಗು ಅನ್ನುತ್ತೋ ಅಲ್ಲಿಗೆ ಎಲ್ಲ ಹೋಗುತ್ತವೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಗುರು?

ಹೊಳಲ್ಕೆರೆ_ತೋಟ
ಇಲ್ಲ ತಮ್ಮಾ. ರಾಣಿಗೆ ಈ ವಿಷಯದಲ್ಲಿ ಮಾತೇ ಇಲ್ಲ. ಪಾಲಾಗುವ ಮುಂಚೆ ಕೆಲಸಗಾರ ಹುಳಗಳು ಅದಕ್ಕೆ ತಿನ್ನಿಸುವುದು ಕಡಿಮೆ ಮಾಡಿ ಹಾರುವಷ್ಟು ತೆಳ್ಳಗೆ ಮಾಡುತ್ತವೆ. ಮೊಟ್ಟೆ ಹೊತ್ತ ಭಾರಕ್ಕೆ ಮೊದಲಿನ ಹಾಗಿದ್ದರೆ ಹಾರಲಾರದು. ಹಿಂಡಿನ ನಡುವೆ ಅದು ಸುಮ್ನೆ ಕೂತಿರುತ್ತದೆ. ಜಾಗ ನೋಡಲು ಹೋಗುವುದೂ ಇಲ್ಲ, ಕುಣಿತ ನೋಡಿ ತೀರ್ಪು ಕೊಡುವುದೂ ಇಲ್ಲ. ಆದರೆ ಹಾರುವಾಗ ರಾಣಿ ಜೊತೆಗಿಲ್ಲ ಅಂತ ಗೊತ್ತಾದರೆ ಹಿಂಡು ವಾಪಸ್ ಬರುತ್ತದೆ. ಅಷ್ಟು ಬೆಲೆ ಇದೆ.

ಟೀಚರಮ್ಮ_ಹರಿಹರ
ಮಂಜು ಅವರೇ, ನೀವು ನೋಡಿದ ಕುಣಿತವನ್ನೇ 1949ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮಾರ್ಟಿನ್ ಲಿಂಡವರ್ ಅನ್ನುವ ವಿಜ್ಞಾನಿ ನೋಡಿದ್ದರು. ಜೇನಿನ ಕುಣಿತಕ್ಕೆ ಅರ್ಥ ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯ. ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು.

ಕುಣಿಯುವ ಜೇನು ಅಂದರೆ ಹೂವಿನಿಂದ ಬಂದದ್ದು, ಮೈಮೇಲೆ ಪರಾಗ ಇರಬೇಕು ಅಂತ ಆಗಿನ ತಿಳಿವಳಿಕೆ. ಆದರೆ ಪೊದೆಗೆ ನೇತಾಡುತ್ತಿದ್ದ ಹಿಂಡಿನ ಮೇಲೆ ಕುಣಿಯುತ್ತಿದ್ದ ಹುಳಗಳ ಮೈಗೆ ಮಸಿ, ಇಟ್ಟಿಗೆ ಪುಡಿ, ಹಿಟ್ಟು ಮೆತ್ತಿತ್ತು. ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಊರು ಅದು. ಹೊಗೆಕೊಳವೆ, ಒಡೆದ ಗೋಡೆ ಎಲ್ಲ ಹೊಕ್ಕು ಬಂದಿವೆ, ಇವು ಹೂವು ಹುಡುಕುವ ಹುಳಗಳಲ್ಲ, ಮನೆ ಹುಡುಕುವ ಹುಳಗಳು ಅಂತ ಅವರಿಗೆ ಹೊಳೆಯಿತು. ಆಮೇಲೆ ಹುಳಗಳಿಗೆ ಬಣ್ಣದ ಚುಕ್ಕಿ ಇಟ್ಟು ಇಡೀ ದಿನ ಹಿಂಡಿನ ಮುಂದೆ ಕೂತು ಬರೆದುಕೊಂಡರು. ಮೊದಲು ಬೇರೆ ಬೇರೆ ದಿಕ್ಕಿಗೆ ಕುಣಿಯುತ್ತಿದ್ದವು ಕೊನೆಗೆ ಒಂದೇ ದಿಕ್ಕಿಗೆ ಕುಣಿಯುತ್ತವೆ, ಆಮೇಲೆ ಹಿಂಡು ಏಳುತ್ತದೆ.

ಅಲ್ಲಾಡಿಸುತ್ತಾ ಓಡುವ ಹೊತ್ತು ಎಷ್ಟೋ ಅಷ್ಟು ದೂರ. ಅವರ ಜೇನಿನಲ್ಲಿ ಒಂದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ನೇರ ಮೇಲಕ್ಕೆ ಓಡಿದರೆ ಸೂರ್ಯನ ಕಡೆ. ಬಲಕ್ಕೆ ವಾಲಿದರೆ ಸೂರ್ಯನ ಬಲಕ್ಕೆ, ಅಷ್ಟೇ ಕೋನ. ಮಂಜು ಅವರೇ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ನೋಡಿ. ಯಾವ ಕಡೆ ಅಂತ ನೀವೇ ಹೇಳಬಹುದು.

ಜಗಳೂರು_ಮಳೆ
ಕುಣಿತ ಒಪ್ಪಿದೆ. ಆದರೆ ಒಳ್ಳೆ ಜಾಗ, ಕೆಟ್ಟ ಜಾಗ ಅಂತ ಹುಳಕ್ಕೆ ಹೇಗೆ ಗೊತ್ತಾಗಬೇಕು? ಕತ್ತಲ ಪೊಟರೆ. ಟೇಪು ಹಿಡಿದು ಅಳೆಯುತ್ತದಾ?

ಹೊಳಲ್ಕೆರೆ_ತೋಟ
ನಡೆದು ಅಳೆಯುತ್ತದೆ. ಅಮೆರಿಕದ ಜೇನು ವಿಜ್ಞಾನಿ ಥಾಮಸ್ ಸೀಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಗೋಡೆ ತಿರುಗುವಂಥ ಒಂದು ಉರುಟು ಡಬ್ಬ ಮಾಡಿದರು. ಹುಳ ಒಳಗೆ ನಡೆಯುವಾಗ ಗೋಡೆಯನ್ನು ಒಂದು ಕಡೆ ತಿರುಗಿಸಿದರೆ ಸುತ್ತು ಬರಲು ಹೆಚ್ಚು ನಡೆಯಬೇಕು, ಇನ್ನೊಂದು ಕಡೆ ತಿರುಗಿಸಿದರೆ ಕಡಿಮೆ ನಡೆದರೆ ಸಾಕು. ಡಬ್ಬ ಒಂದೇ. ಆದರೆ ಹೆಚ್ಚು ನಡೆಸಿದ ಹುಳ ವಾಪಸ್ ಹೋಗಿ ಹೆಚ್ಚು ಜನರನ್ನು ಕರೆದುಕೊಂಡು ಬಂತು. ದೊಡ್ಡ ಮನೆ ಅಂತ ಅಂದುಕೊಂಡಿತ್ತು.

ಅವರ ಜೇನಿಗೆ ಬೇಕಾದದ್ದು ಸುಮಾರು 40 ಲೀಟರ್ ಪೊಟರೆ. 10 ಲೀಟರ್ ಬೇಡ, 100 ಲೀಟರೂ ಬೇಡ. ಬಾಗಿಲು ಸಣ್ಣದು, 15 ಚದರ ಸೆಂಟಿಮೀಟರ್ ಒಳಗೆ ಇದ್ದರೆ ಒಳ್ಳೆಯದು. ಅದೂ ಪೊಟರೆಯ ತಳದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ನೆಲದಿಂದ ಐದು ಮೀಟರ್ ಮೇಲಿದ್ದರೆ ಇನ್ನೂ ಇಷ್ಟ. ಹಿಂದೆ ಯಾರೋ ಇದ್ದು ಬಿಟ್ಟ ಎರಿ ಒಳಗಿದ್ದರೆ ಮೊದಲು ಅದೇ.

ಜಗಳೂರು_ಮಳೆ
ಸರಿ, ಅದು ಅಮೆರಿಕದ ಜೇನು. ಅಲ್ಲಿ ತಿಂಗಳುಗಟ್ಟಲೆ ಹಿಮ. ಒಳಗೇ ಕೂತು ತಿನ್ನಲು ಇಪ್ಪತ್ತು ಕಿಲೋ ಜೇನು ಬೇಕು, ಅದಕ್ಕೆ ದೊಡ್ಡ ಗೂಡು ಬೇಕು. ದಕ್ಷಿಣದ ಬಿಸಿಲೂ ಬೇಕು. ನಮ್ಮ ಜಗಳೂರಿನಲ್ಲಿ ದಕ್ಷಿಣಕ್ಕೆ ಬಾಗಿಲಿಟ್ಟು ಬಿಸಿಲು ಕಾಯಿಸಿಕೊಳ್ಳುವ ಹುಳ ಯಾವುದಿದೆ? ಅವರ ಲೆಕ್ಕವನ್ನು ತಂದು ತುಡುವೆಗೆ ಅಂಟಿಸಬೇಡಿ.

ಹೊಳಲ್ಕೆರೆ_ತೋಟ
ಅಂಟಿಸುತ್ತಿಲ್ಲ ಅಣ್ಣಾ, ನೀವು ಹೇಳಿದ್ದು ಸರಿಯೇ. ನಮ್ಮ ತುಡುವೆ ಕುಟುಂಬ ಚಿಕ್ಕದು, ಅದಕ್ಕೆ ಅಷ್ಟು ದೊಡ್ಡ ಗೂಡು ಬೇಡ. ದಕ್ಷಿಣ ಭಾರತದಲ್ಲಿ ನಾವು ಇಡುವ ನ್ಯೂಟನ್ ಪೆಟ್ಟಿಗೆಯೂ ಅದಕ್ಕೇ ಚಿಕ್ಕದು. ಜೊತೆಗೆ ಇದು ಹಿಮದಲ್ಲಿ ಕೂಡಿ ಕೂರುವ ಹುಳ ಅಲ್ಲ. ಇರುವೆ ಬಂತು, ಮೇಣದ ಚಿಟ್ಟೆ ಬಂತು, ಹೂವು ಮುಗಿಯಿತು ಅಂದರೆ ಗೂಡನ್ನೇ ಬಿಟ್ಟು ಹೊರಡುತ್ತದೆ.

ಆದರೆ ಸಣ್ಣ ಬಾಗಿಲು, ಕತ್ತಲು, ಮಳೆ ನೀರು ಬರದ ಪೊಟರೆ ಇದಕ್ಕೂ ಬೇಕು. ನಮ್ಮ ಕಡೆ ಹಳೇ ಹುಣಸೆ ಮರ, ಬಾವಿಯ ಕಲ್ಲು ಸಂದು, ಹುತ್ತ ಎಲ್ಲದರಲ್ಲೂ ನೋಡಿದ್ದೇನೆ. ಎತ್ತರದ ವಿಷಯದಲ್ಲಿ ಮಾತ್ರ ಅಮೆರಿಕದ ಹುಳಕ್ಕೂ ನಮ್ಮದಕ್ಕೂ ಒಂದೇ ಶತ್ರು. ಹುತ್ತದೊಳಗಿನ ಗೂಡನ್ನು ಕರಡಿ ಒಂದೇ ರಾತ್ರಿಗೆ ಬಗೆದು ಹಾಕುತ್ತದೆ.

ಕೋಟೆನಾಡು_ಹುಡುಗ
ಜೋಗಿಮಟ್ಟಿ ಕಡೆ ಬನ್ನಿ, ಕರಡಿ ಬಗೆದ ಹುತ್ತ ಬೇಕಾದಷ್ಟು ತೋರಿಸುತ್ತೇನೆ.

ಬೆಣ್ಣೆದೋಸೆ_ಭಕ್ತ
ಜೋಗಿಮಟ್ಟಿಗೆ ಹೋಗುವುದಾದರೆ ನಾನೂ ಬರುತ್ತೇನೆ. ಬರುವಾಗ ದಾವಣಗೆರೆಯಲ್ಲಿ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ.

ಎಂಸಿಸಿ_ಬ್ಲಾಕ್_ಮಂಜು
ದೋಸೆ ಆಮೇಲೆ. ವಿಡಿಯೋ ಮಾಡಿದೆ. ನನ್ನ ಕಣ್ಣಿಗೆ ಮೂರು ಬೇರೆ ಬೇರೆ ದಿಕ್ಕು ಕಾಣುತ್ತಿದೆ. ಒಂದು ಬಹಳ ಚಿಕ್ಕ ಓಟ, ಅದು ಮೀಟರ್ ಬಾಕ್ಸ್ ಇರಬಹುದು. ಇನ್ನೊಂದು ರೈಲ್ವೆ ಹಳಿ ಕಡೆ. ಹೀಗೆ ಮೂರು ಪಂಗಡ ಆದರೆ ಒಮ್ಮತ ಹೇಗೆ ಬರುತ್ತದೆ? ಜಗಳ ಆಡುತ್ತವಾ?

ಲೆಕ್ಕದ_ಮೇಷ್ಟ್ರು
ಈ ಭಾಗವೇ ಇಡೀ ಕತೆಯಲ್ಲಿ ನನಗೆ ಅತಿ ಇಷ್ಟ, ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ಇದೆಲ್ಲ ಯುರೋಪಿನ ಜೇನಿನ ಮೇಲೆ ನಡೆದ ಕೆಲಸ, ಜಗಳೂರಿನವರು ಮೊದಲೇ ಗಮನಿಸಲಿ.

ಹಿಂಡಿನಲ್ಲಿ ಹತ್ತು ಸಾವಿರ ಹುಳ ಇದ್ದರೆ ಜಾಗ ಹುಡುಕಲು ಹೋಗುವವು ಕೆಲವು ನೂರು ಮಾತ್ರ. ವಯಸ್ಸಾದ, ಹೊರಗೆ ತಿರುಗಿ ಅನುಭವ ಇರುವ ಹುಳಗಳು. ಉಳಿದವು ಮೈ ಬಿಗಿಹಿಡಿದು ಶಕ್ತಿ ಉಳಿಸಿಕೊಂಡು ಕೂತಿರುತ್ತವೆ.

ಒಂದು ಹುಳ ಹೋಗಿ ಒಂದು ಜಾಗ ನೋಡಿ ಬಂತು ಅಂತ ಇಟ್ಟುಕೊಳ್ಳಿ. ತುಂಬ ಚೆನ್ನಾಗಿದ್ದರೆ ನೂರು ಸುತ್ತು ಕುಣಿಯುತ್ತದೆ, ಸಾಧಾರಣ ಇದ್ದರೆ ಮೂವತ್ತು ಸುತ್ತು. ಎರಡು ಜಾಗ ನೋಡಿ ಹೋಲಿಸಿ ಇದು ವಾಸಿ ಅನ್ನುವ ಹುಳ ತೀರಾ ಅಪರೂಪ. ಪ್ರತಿಯೊಂದೂ ತಾನು ನೋಡಿದ್ದರ ಬಗ್ಗೆ ಮಾತ್ರ ಹೇಳುತ್ತದೆ. ನೋಡಿದ ಬೇರೆ ಹುಳ ಅದನ್ನೇ ನಂಬಿ ಕುಣಿಯುವುದಿಲ್ಲ. ತಾನೇ ಹೋಗಿ ಒಳಗೆ ನಡೆದು ನೋಡಿ ಬಂದು ತನಗೆ ಅನ್ನಿಸಿದಷ್ಟು ಕುಣಿಯುತ್ತದೆ.

ಇಲ್ಲೊಂದು ಜಾಣತನ ಇದೆ. ಅದೇ ಹುಳ ಮತ್ತೆ ಹೋಗಿ ಬಂದಾಗ ಮೊದಲಿನಷ್ಟು ಕುಣಿಯುವುದಿಲ್ಲ. ಪ್ರತಿ ಸಲ ಸುಮಾರು 15 ಸುತ್ತು ಕಡಿಮೆ ಮಾಡುತ್ತಾ ಕೊನೆಗೆ ಸುಮ್ಮನಾಗುತ್ತದೆ. ಜಾಗ ಎಷ್ಟೇ ಒಳ್ಳೆಯದಿರಲಿ, ಅದೇ ಹುಳ ಸಾಯುವ ತನಕ ಕೂಗುತ್ತಾ ಕೂರುವುದಿಲ್ಲ. ಸಾಧಾರಣ ಜಾಗದ ಕಡೆಯವು ಬೇಗ ಸುಮ್ಮನಾಗುತ್ತವೆ, ಒಳ್ಳೆ ಜಾಗದ ಕಡೆಯವು ತಡವಾಗಿ ಸುಮ್ಮನಾಗುತ್ತವೆ. ಅಷ್ಟರಲ್ಲಿ ಹೊಸಬರು ಒಳ್ಳೆ ಜಾಗಕ್ಕೇ ಜಾಸ್ತಿ ಸೇರಿರುತ್ತಾರೆ. ಯಾರೂ ಸೋಲಿಸದೆ ಕೆಟ್ಟ ಜಾಗಗಳು ತಾವೇ ಬಿದ್ದುಹೋಗುತ್ತವೆ.

ಜಗಳ ಆಡುತ್ತವಾ ಅಂದಿರಿ. ಆಡುತ್ತವೆ. ಸೀಲಿ ಮತ್ತು ಜೊತೆಗಾರರು 2012ರಲ್ಲಿ ಇದನ್ನು ಬರೆದರು. ಒಂದೇ ಥರದ ಎರಡು ಪೆಟ್ಟಿಗೆ ಇಟ್ಟು, ಒಂದಕ್ಕೆ ಹೋದ ಹುಳಕ್ಕೆ ಒಂದು ಬಣ್ಣ, ಇನ್ನೊಂದಕ್ಕೆ ಹೋದದ್ದಕ್ಕೆ ಇನ್ನೊಂದು ಬಣ್ಣ ಹಚ್ಚಿದರು. ಈ ಕಡೆಯ ಹುಳ ಆ ಕಡೆಯ ಕುಣಿಯುವ ಹುಳಕ್ಕೆ ತಲೆಯಿಂದ ಡಿಕ್ಕಿ ಹೊಡೆದು ಚಿಕ್ಕದೊಂದು ಪೀಂ ಅನ್ನುತ್ತದೆ. ಅಂಥ ಏಟು ಸಾಕಷ್ಟು ಬಿದ್ದರೆ ಅದು ಕುಣಿತ ನಿಲ್ಲಿಸುತ್ತದೆ. ಎರಡೂ ಜಾಗ ಸಮ ಇದ್ದಾಗ ಹಿಂಡು ಅಲ್ಲೇ ಸಿಕ್ಕಿಹಾಕಿಕೊಳ್ಳದ ಹಾಗೆ ಇದು ಕಾಪಾಡುತ್ತದೆ.

ಬೆಣ್ಣೆದೋಸೆ_ಭಕ್ತ
ನಮ್ಮ ಗ್ರಾಮ ಪಂಚಾಯ್ತಿ ಸಭೆಯಲ್ಲೂ ಡಿಕ್ಕಿ ಇದೆ, ಪೀಂ ಇದೆ. ಪ್ರತಿ ಸಲ 15 ಸುತ್ತು ಕಡಿಮೆ ಮಾಡುವ ಸದಸ್ಯ ಮಾತ್ರ ಇನ್ನೂ ಹುಟ್ಟಿಲ್ಲ.

ಟೀಚರಮ್ಮ_ಹರಿಹರ
ಮೇಷ್ಟ್ರೇ, ಹಾಗಾದರೆ ಎಲ್ಲ ಕುಣಿತ ಒಂದೇ ದಿಕ್ಕಿಗೆ ಬಂದ ಮೇಲೆ ಹೊರಡುತ್ತವೆ ಅಂತ ನಾನು ಲಿಂಡವರ್ ಬಗ್ಗೆ ಬರೆದದ್ದು ಸರಿಯಿದೆ ಅಲ್ವಾ?

ಲೆಕ್ಕದ_ಮೇಷ್ಟ್ರು
ಲಿಂಡವರ್ ನೋಡಿದ್ದು ಹಾಗೆಯೇ ಮೇಡಂ, ಸಾಮಾನ್ಯವಾಗಿ ಕಾಣುವುದೂ ಹಾಗೆಯೇ. ಆದರೆ ಹೊರಡುವ ಸೂಚನೆ ಹಿಂಡಿನಲ್ಲಿ ಹುಟ್ಟುವುದಿಲ್ಲ, ಹೊಸ ಜಾಗದಲ್ಲಿ ಹುಟ್ಟುತ್ತದೆ. ಆ ಪೊಟರೆಯ ಬಾಗಿಲಲ್ಲಿ ಒಂದೇ ಹೊತ್ತಿಗೆ ಇಪ್ಪತ್ತು ಮೂವತ್ತು ಹುಳ ಸೇರಿದರೆ, ಸಾಕು, ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದಷ್ಟು ಹಾಜರಿ, ಆಯಿತು ಅಂತ ಲೆಕ್ಕ. ಅಲ್ಲಿಂದ ವಾಪಸ್ ಬಂದ ಹುಳಗಳು ಹಿಂಡಿನೊಳಗೆ ನುಗ್ಗಿ ಕೀಂ ಅಂತ ಸದ್ದು ಮಾಡುತ್ತವೆ. ಆಗ ಕೂತವೆಲ್ಲ ರೆಕ್ಕೆಯ ಸ್ನಾಯು ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತವೆ. 35 ಡಿಗ್ರಿ ಆಗಬೇಕು. ಆಮೇಲೆ ಒಂದು ನಿಮಿಷದಲ್ಲಿ ಇಡೀ ಹಿಂಡು ಗಾಳಿಯಲ್ಲಿ. ಆ ಹೊತ್ತಿಗೆ ಒಂದೆರಡು ಹುಳ ಇನ್ನೂ ಬೇರೆ ಜಾಗಕ್ಕೆ ಕುಣಿಯುತ್ತಿದ್ದರೂ ಕಾಯುವುದಿಲ್ಲ.

ಎರಡು ಪಂಗಡ ಸಮಬಲದಲ್ಲಿದ್ದಾಗಲೇ ಹಾರಿದ ಹಿಂಡೂ ಲಿಂಡವರ್‌ಗೆ ಸಿಕ್ಕಿತ್ತು. ಗಾಳಿಯಲ್ಲೇ ಎರಡು ಕಡೆ ಎಳೆದಾಡಿ, ಕೊನೆಗೆ ವಾಪಸ್ ಬಂದು ಕೂತವು.

ಜಗಳೂರು_ಮಳೆ
ಕೆಲವು ನೂರಕ್ಕೆ ಮಾತ್ರ ಜಾಗ ಗೊತ್ತು ಅಂದಿರಿ. ಉಳಿದ ಒಂಬತ್ತು ಸಾವಿರಕ್ಕೂ ಮೇಲಿನವು ದಾರಿ ತಪ್ಪುವುದಿಲ್ಲವಾ?

ಲೆಕ್ಕದ_ಮೇಷ್ಟ್ರು
ಗೊತ್ತಿರುವ ಹುಳಗಳು ಗುಂಪಿನ ಮೇಲ್ಭಾಗದಲ್ಲಿ ಬಾಣ ಬಿಟ್ಟ ಹಾಗೆ ಆ ದಿಕ್ಕಿಗೆ ವೇಗವಾಗಿ ಹಾರುತ್ತವೆ. ಉಳಿದವು ಅವನ್ನು ನೋಡಿಕೊಂಡು ಹೋಗುತ್ತವೆ.

ಇಷ್ಟೆಲ್ಲ ಮಾಡಿ ಸರಿಯಾಗಿ ಆರಿಸುತ್ತವಾ ಅಂತಲೂ ಸೀಲಿ ನೋಡಿದ್ದಾರೆ. ಅಮೆರಿಕದ ಮೇನ್ ರಾಜ್ಯದ ಹತ್ತಿರ ಆ್ಯಪಲ್‌ಡೋರ್ ಅನ್ನುವ ದ್ವೀಪ, ದೊಡ್ಡ ಮರಗಳೇ ಇಲ್ಲ. ಅಲ್ಲಿ ಒಂದು 40 ಲೀಟರ್ ಪೆಟ್ಟಿಗೆ, ನಾಲ್ಕು 15 ಲೀಟರ್ ಪೆಟ್ಟಿಗೆ ಇಟ್ಟು ಹಿಂಡು ಬಿಟ್ಟರು. ಐದು ಸಲದಲ್ಲಿ ನಾಲ್ಕು ಸಲ ದೊಡ್ಡದನ್ನೇ ಆರಿಸಿದವು.

ಪಿಜೆ_ಬಡಾವಣೆ_ರಾಯರು
ಐದನೇ ಸಲ ಸಣ್ಣದಕ್ಕೆ ಹೋದವು ಅಂತಾಯಿತು. ಬುದ್ಧಿವಂತ ಹುಳಗಳು ಮಂಜು ಅವರ ಪಕ್ಕದ ಮನೆ ಮೀಟರ್ ಬಾಕ್ಸಿಗೂ ಹೋಗಬಹುದು. ಆಗ ಕರೆಂಟ್ ರೀಡಿಂಗಿಗೆ ಬರುವ ಹುಡುಗನಿಗೆ ಈ ಕತೆ ಹೇಳಿ.

ಹೊಳಲ್ಕೆರೆ_ತೋಟ
ಇದೊಂದು ಮಾತು ರಾಯರು ಚೆನ್ನಾಗಿ ಹೇಳಿದರು. ಮಂಜು, ಆ ತೂತನ್ನು ಈಗಲೇ ಮುಚ್ಚಿಸಿ. ಇನ್ನೂ ನೋಡಲು ಬರುವ ಹುಳ ಮಾತ್ರ ಇವೆ, ಗೂಡಾಗಿಲ್ಲ. ಕತ್ತಲಾದ ಮೇಲೆ ಹುಳ ಇರುವುದಿಲ್ಲ, ಆಗ ಸೊಳ್ಳೆ ಪರದೆಯ ಜಾಲರಿ ಬಿಗಿಯಾಗಿ ಹೊಡೆದರೆ ಸಾಕು. ನಾಳೆ ಬಂದ ಹುಳಕ್ಕೆ ಬಾಗಿಲು ಸಿಗದಿದ್ದರೆ ಆ ಜಾಗಕ್ಕೆ ಕುಣಿಯುವುದು ನಿಲ್ಲುತ್ತದೆ. ಒಮ್ಮೆ ಒಳಗೆ ಹೋಗಿ ಎರಿ ಕಟ್ಟಿದರೆ ತೆಗೆಯಲು ಗೋಡೆ ಒಡೆಯಬೇಕು.

ಶಾಂತಿಸಾಗರ_ಅಡಿಕೆ
ನಮ್ಮ ಚನ್ನಗಿರಿ ತೋಟದಲ್ಲಿ ನಿಂಬೆ ಗಿಡದ ಕಡ್ಡಿಗೆ ಒಂದು ಪುಟ್ಟ ಗೂಡಿತ್ತು, ಅಂಗೈಯಗಲದ ಒಂದೇ ಎರಿ. ಒಂದು ದಿನ ಪೂರ್ತಿ ಖಾಲಿ. ಅದೂ ಹೀಗೇ ಸಭೆ ನಡೆಸಿ ಹೋಯಿತಾ?

ಲೆಕ್ಕದ_ಮೇಷ್ಟ್ರು
ಅದು ಕೋಲು ಜೇನು ಅಕ್ಕ. ಅದಕ್ಕೆ ಪೊಟರೆ ಬೇಡ, ಎಲೆ ಮರೆಯ ಒಂದು ಕಡ್ಡಿ ಸಾಕು, ಅಂಥ ಕಡ್ಡಿ ಎಲ್ಲ ಕಡೆ ಸಿಗುತ್ತದೆ. ಅದಕ್ಕೇ ಅದರ ಸಭೆ ಸಡಿಲ. ಒಂದೇ ಜಾಗಕ್ಕೆ ಎಲ್ಲರೂ ಒಪ್ಪುವ ತನಕ ಕಾಯದೆ, ಹೆಚ್ಚು ಕಡಿಮೆ ಒಂದು ದಿಕ್ಕು ಗಟ್ಟಿಯಾದರೆ ಎದ್ದುಬಿಡುತ್ತವೆ ಅಂತ ಆಸ್ಟ್ರೇಲಿಯಾದ ಮೇಡಲೀನ್ ಬೀಕ್‌ಮನ್ ತಂಡದವರು ಕಂಡಿದ್ದಾರೆ. ಇನ್ನೊಂದು ಮಜಾ. ಅದು ಕುಣಿಯುವುದು ಎರಿಯ ಮೇಲಿನ ಸಪಾಟಾದ ಜಾಗದಲ್ಲಿ. ಹೋಗಬೇಕಾದ ಕಡೆಗೇ ನೇರ ಮುಖ ಮಾಡಿ ಓಡುತ್ತದೆ.

ಕೋಟೆನಾಡು_ಹುಡುಗ
ಹಾಗಾದರೆ ಹೆಜ್ಜೇನು? ನಮ್ಮ ದುರ್ಗದ ಕೋಟೆ ಬಂಡೆಗಳಲ್ಲಿ ವರ್ಷ ವರ್ಷ ಅದೇ ಸಂದಿಗೆ ಬಂದು ಕೂರುತ್ತವೆ. ಮಳೆಗಾಲಕ್ಕೆ ಹೋಗುತ್ತವೆ, ಮತ್ತೆ ಅಲ್ಲೇ. ಕಲೆ ನೋಡಿಯೇ ಗೊತ್ತಾಗುತ್ತದೆ. ಅವು ಹುಡುಕುವುದೇ ಇಲ್ಲವಾ?

ಟೀಚರಮ್ಮ_ಹರಿಹರ
ಅಸ್ಸಾಂನಲ್ಲಿ ಹೆಜ್ಜೇನಿನ ಡಿಎನ್‌ಎ ಪರೀಕ್ಷೆ ಮಾಡಿ 2000ರಲ್ಲಿ ಪ್ರಕಟಿಸಿದ್ದಾರೆ. ಬಿಟ್ಟು ಹೋದ ರಾಣಿಯೇ ತಿಂಗಳುಗಳ ಮೇಲೆ ಅದೇ ಜಾಗಕ್ಕೆ ವಾಪಸ್ ಬಂದದ್ದು ಗೊತ್ತಾಗಿದೆ.

ಜಗಳೂರು_ಮಳೆ
ನಿಲ್ಲಿ ಮೇಡಂ. ಕೆಲಸಗಾರ ಹುಳ ಬದುಕುವುದೇ ಒಂದೆರಡು ತಿಂಗಳು. ಹೋದಾಗ ಇದ್ದ ಹುಳ ಬರುವಾಗ ಇರುವುದಿಲ್ಲ. ರಾಣಿ ತೀರ್ಮಾನ ಮಾಡುವುದಿಲ್ಲ ಅಂತ ಈಗ ತಾನೇ ಬೆಣ್ಣೆದೋಸೆಯವರಿಗೆ ಪಾಠ ಆಯಿತು. ಮತ್ತೆ ಯಾರು ದಾರಿ ತೋರಿಸಿದ್ದು?

ಬೆಣ್ಣೆದೋಸೆ_ಭಕ್ತ
ನಾನು ಏನೂ ಹೇಳುವುದಿಲ್ಲಪ್ಪ. ಸುಮ್ನೆ ನೋಡುತ್ತಿದ್ದೇನೆ.

ಹೊಳಲ್ಕೆರೆ_ತೋಟ
ಒಳ್ಳೆ ಪ್ರಶ್ನೆ ಇದು. ಹಳೇ ಮೇಣದ ವಾಸನೆ ಸ್ವಲ್ಪ ಮಟ್ಟಿಗೆ ಎಳೆಯಬಹುದು ಅಂತ ನನ್ನ ಅನಿಸಿಕೆ. ಆದರೆ ನೂರು ಕಿಲೋಮೀಟರ್ ಆಚೆಯಿಂದ ವಾಸನೆ ಬರುವುದಿಲ್ಲ. ಹೆಜ್ಜೇನು ಊರು ಬಿಡುವ ಮುಂಚೆ ಕುಣಿಯುವ ಕುಣಿತದಲ್ಲಿ ದಿಕ್ಕು ಗಟ್ಟಿ ಇರುತ್ತದೆ, ದೂರ ಮಾತ್ರ ಒಂದೊಂದು ಹುಳ ಒಂದೊಂದು ಹೇಳುತ್ತದೆ. ಅಂದರೆ ಇಂಥ ಮರ ಅನ್ನುವುದಿಲ್ಲ, ಈ ಕಡೆ ಹೊರಡಿ ಅನ್ನುತ್ತದೆ. ದಾರಿಯಲ್ಲಿ ಮರಗಳಿಗೆ ತಂಗುತ್ತಾ ಹೋಗುತ್ತವೆ. ಮಂಜು ಮನೆಯ ಹಾಗೆ ನೇತಾಡುವ ದೊಡ್ಡ ಹಿಂಡು ಕಂಡರೆ, ಹುಳ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇದ್ದರೆ, ಅದು ತಂಗಿದ ಹೆಜ್ಜೇನು. ಅದನ್ನು ಪೆಟ್ಟಿಗೆಗೆ ಹಾಕಲು ಯಾರೂ ಹೋಗಬೇಡಿ. ಅದು ಪೆಟ್ಟಿಗೆಯಲ್ಲಿ ಇರುವ ಜಾತಿ ಅಲ್ಲ.

ಶಾಂತಿಸಾಗರ_ಅಡಿಕೆ
ಮಾತಿನ ಮಧ್ಯೆ ಕೇಳುತ್ತೇನೆ, ಫ್ರಿಜ್‌ನಲ್ಲಿಟ್ಟ ಜೇನುತುಪ್ಪ ಸಕ್ಕರೆಯ ಹಾಗೆ ಹರಳಾಗಿದೆ. ಕಲಬೆರಕೆನಾ?

ಹೊಳಲ್ಕೆರೆ_ತೋಟ
ಅಲ್ಲ ಅಕ್ಕ. ಒಳ್ಳೆ ಜೇನೂ ತಂಪಿಗೆ ಹರಳಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡಿ, ಕರಗುತ್ತದೆ. ನೇರ ಒಲೆ ಮೇಲೆ ಇಡಬೇಡಿ.

ಎಂಸಿಸಿ_ಬ್ಲಾಕ್_ಮಂಜು
ರಾತ್ರಿ ಜಾಲರಿ ಹೊಡೆಸಿದೆ. ಪೆಟ್ಟಿಗೆ ಇಳಿಸಿ ಒರೆಸಿ ಮಹಡಿ ಮೇಲೆ ನೆರಳಲ್ಲಿ ಇಟ್ಟೆ. ಬೆಳಿಗ್ಗೆ ಒಂದು ಹುಳವೂ ತಿರುಗಿ ನೋಡಲಿಲ್ಲ! ಹನ್ನೊಂದರ ಹೊತ್ತಿಗೆ ಹಿಂಡಿನೊಳಗಿಂದ ಸಣ್ಣ ಕೀಂ ಕೀಂ ಸದ್ದು ಶುರುವಾಯಿತು. ಮೇಷ್ಟ್ರು ಹೇಳಿದ್ದು ನೆನಪಾಗಿ ಎಲ್ಲರನ್ನೂ ಕರೆದೆ. ಪಕ್ಕದ ಮನೆಯವರೂ ಬಾಗಿಲಲ್ಲಿ ನಿಂತು ನೋಡಿದರು. ನೋಡುತ್ತಿದ್ದ ಹಾಗೆ ಹಿಂಡು ಬಿಚ್ಚಿಕೊಂಡಿತು, ರಸ್ತೆ ತುಂಬ ಹುಳ, ಯಾರಿಗೂ ಕಚ್ಚಲಿಲ್ಲ. ರೈಲ್ವೆ ಹಳಿ ಕಡೆಗೇ ಹೋದವು. ಬೈಕ್ ತೆಗೆಯುವಷ್ಟರಲ್ಲಿ ಮಾಯ.

ನನ್ನ ಪೆಟ್ಟಿಗೆ ಯಾಕೆ ಬೇಡವಾಯಿತು?

ಪಿಜೆ_ಬಡಾವಣೆ_ರಾಯರು
ಹಳಿ ಆ ಕಡೆಯವರಿಗೆ ಈಗ ತಲೆನೋವು. ಅಷ್ಟೇ ವ್ಯತ್ಯಾಸ.

ಹೊಳಲ್ಕೆರೆ_ತೋಟ
ಮಂಜು, ಪೆಟ್ಟಿಗೆ ಇಟ್ಟದ್ದು ತಡ. ಅಷ್ಟು ಹೊತ್ತಿಗೆ ಆ ಕಡೆಯ ಜಾಗಕ್ಕೆ ಹುಳ ಸೇರಿ ಆಗಿತ್ತು. ಹೊಸ ಮರದ, ಬಣ್ಣದ ವಾಸನೆ ಇದ್ದರೂ ಮೂಸುವುದಿಲ್ಲ. ಪಾಲಾಗುವ ಕಾಲಕ್ಕೆ ಮುಂಚೆಯೇ ಇಡಬೇಕು. ಒಳಗೆ ಹಳೇ ಎರಿಯ ಮೇಣ ಕರಗಿಸಿ ಸವರಿ, ಬಾಗಿಲು ಎರಡು ಬೆರಳು ಹೋಗುವಷ್ಟೇ ಬಿಡಿ, ಉಳಿದ ಸಂದೆಲ್ಲ ಮುಚ್ಚಿ. ಮಹಡಿಯ ಕಾದ ಕಾಂಕ್ರೀಟಿಗಿಂತ ಮರದ ನೆರಳು ವಾಸಿ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಡಿ, ಇಲ್ಲದಿದ್ದರೆ ಇರುವೆ ಮೊದಲು ಮನೆ ಮಾಡುತ್ತದೆ.

ಇನ್ನೊಂದು ದಾರಿ, ನೇತಾಡುವ ಹಿಂಡನ್ನೇ ಸಂಜೆ ಪೆಟ್ಟಿಗೆಗೆ ಇಳಿಸುವುದು. ಬೇರೆ ಕುಟುಂಬದಿಂದ ಮರಿ ಇರುವ ಒಂದು ಚೌಕಟ್ಟು ಒಳಗಿಟ್ಟರೆ ಬಿಟ್ಟು ಹೋಗುವುದು ಕಡಿಮೆ. ಆದರೆ ಕಲಿತವರ ಜೊತೆ ನಿಂತು ಮಾಡಿ. ತೋಟಗಾರಿಕೆ ಇಲಾಖೆಯಲ್ಲಿ ಜೇನು ಸಾಕಣೆ ತರಬೇತಿ ಕೇಳಿ ನೋಡಿ.

ಎಂಸಿಸಿ_ಬ್ಲಾಕ್_ಮಂಜು
ಹಳೇ ಮೇಣ ಎಲ್ಲಿ ಸಿಗುತ್ತದೆ? ಅಂಗಡಿಯ ಮೇಣದಬತ್ತಿ ನಡೆಯುತ್ತದಾ?

ಹೊಳಲ್ಕೆರೆ_ತೋಟ
ಅಯ್ಯೋ ಬೇಡ, ಅದು ಪೆಟ್ರೋಲಿಯಂ ಮೇಣ. ಭಾನುವಾರ ದಾವಣಗೆರೆಗೆ ಅಡಿಕೆ ಕೆಲಸಕ್ಕೆ ಬರುತ್ತಿದ್ದೇನೆ, ಎರಡು ಹಳೇ ಎರಿ ತಂದು ಕೊಡುತ್ತೇನೆ. ಪೆಟ್ಟಿಗೆಗೆ ಬಣ್ಣ ಮಾತ್ರ ಹೊಡೆಸಬೇಡಿ.